ಸಂದೂಕದಲ್ಲಿ ಉಳಿದ ದನಿಗಳು: ಹಳೆಯ ಕ್ಯಾಸೆಟ್‌ಗಳನ್ನು ಮನೆಯಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ನಮ್ಮ ಕಲಬುರಗಿ ಭಾಗದ ಮನೆಗಳಲ್ಲಿ ಸಂದೂಕದ ತಳದಲ್ಲೋ ಅಲಮಾರಿಯ ಮೇಲಿನ ಖಾನೆಯಲ್ಲೋ ಇಂದಿಗೂ ಹತ್ತಿಪ್ಪತ್ತು ಕ್ಯಾಸೆಟ್‌ಗಳು ಸಿಗುತ್ತವೆ. ಅವುಗಳಲ್ಲಿ ಸಿನಿಮಾ ಹಾಡುಗಳಿರುತ್ತವೆ, ಶರಣಬಸವೇಶ್ವರ ಜಾತ್ರೆಯಲ್ಲಿ ಕೊಂಡ ಭಕ್ತಿಗೀತೆಗಳಿರುತ್ತವೆ, ಖ್ವಾಜಾ ಬಂದೇನವಾಜರ ಉರುಸಿನಿಂದ ತಂದ ಕವ್ವಾಲಿಗಳಿರುತ್ತವೆ. ಇವುಗಳ ನಡುವೆ ಕಂಪನಿಯ ಚಿತ್ರವಾಗಲಿ ಅಚ್ಚಾದ ಹೆಸರಾಗಲಿ ಇಲ್ಲದ ಎರಡು ಮೂರು ಕ್ಯಾಸೆಟ್‌ಗಳೂ ಇರುತ್ತವೆ. ಮೊಹರಮ್ಮಿನ ರಾತ್ರಿ ಊರ ಗಂಡಸರು ಹಾಡಿದ ರಿವಾಯತ್ ಪದ, ಅಮಾವಾಸ್ಯೆಯ ಭಜನೆಯಲ್ಲಿ ಹಾಡಿದ ಕಡಕೋಳ ಮಡಿವಾಳಪ್ಪನವರ ತತ್ವಪದ, ಮದುವೆ ಮನೆಯ ಸೋಬಾನ, ದೊಡ್ಡಾಟದ ಅರ್ಧ ರಾತ್ರಿ, ದೂರದ ಊರಿಗೆ ದುಡಿಯಲು ಹೋದ ಮಗನಿಗೆ ತಾಯಿ ತುಂಬಿ ಕಳಿಸಿದ ಮಾತು, ಇಂಥವು ಅವುಗಳಲ್ಲಿವೆ. ಸಿನಿಮಾ ಹಾಡು ಇಂದಲ್ಲದಿದ್ದರೆ ನಾಳೆ ಇನ್ನೆಲ್ಲಿಯಾದರೂ ಸಿಕ್ಕೀತು. ಆದರೆ ಕೈಬರಹದ ಚೀಟಿಯುಳ್ಳ ಆ ಕ್ಯಾಸೆಟ್ಟಿನ ದನಿ ಜಗತ್ತಿನಲ್ಲಿ ಅದೊಂದೇ ರೀಲಿನ ಮೇಲೆ ಇದೆ. ಆದುದರಿಂದ ಈ ಮಾರ್ಗದರ್ಶಿಯಲ್ಲಿ ಹೇಳುವ ಪ್ರತಿಯೊಂದು ಹಂತವನ್ನೂ ಮೊದಲು ಕಂಪನಿಯ ಕ್ಯಾಸೆಟ್ಟಿನ ಮೇಲೆ ಕಲಿಯಬೇಕು, ಕೈ ಪಳಗಿದ ಮೇಲೆ ಮನೆಯ ದಾಖಲೆಗಳಿಗೆ ಬರಬೇಕು.

ಈ ಕೆಲಸವನ್ನು ಅಂಗಡಿಗೆ ವಹಿಸಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ನಾನೂ ಮೊದಲು ಹಾಗೆಯೇ ಮಾಡಿದ್ದೆ. ನಮ್ಮ ಮನೆಯ ಆರು ಕ್ಯಾಸೆಟ್‌ಗಳನ್ನು ಕೊಟ್ಟು ಬಂದಾಗ ಹಿಂದಿರುಗಿ ಸಿಕ್ಕಿದ್ದು, ಸದ್ದು ತೆಗೆಯುವ ನೆಪದಲ್ಲಿ ಉಸಿರನ್ನೂ ತಾಳದ ಝೇಂಕಾರವನ್ನೂ ಕಳೆದುಕೊಂಡು, ಕೊಡದೊಳಗಿಂದ ಹಾಡಿದಂತೆ ಕೇಳುವ ಕಡಿಮೆ ಗುಣಮಟ್ಟದ ಎಂಪಿ3 ಫೈಲುಗಳು. ಒಂದು ಕ್ಯಾಸೆಟ್ಟಿನ ರೀಲಂತೂ ಎರಡು ಕಡೆ ಕತ್ತರಿಸಿ ಹೋಗಿತ್ತು. ಅಂದಿನಿಂದ ಈ ಕೆಲಸವನ್ನು ಸ್ವತಃ ಮಾಡುತ್ತಿದ್ದೇನೆ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ, ಆದರೆ ವೇಳೆ ಬೇಕು. ಅರವತ್ತು ನಿಮಿಷದ ಕ್ಯಾಸೆಟ್ಟನ್ನು ಇಳಿಸಿಕೊಳ್ಳಲು ಅರವತ್ತು ನಿಮಿಷ ಕೂಡಲೇಬೇಕು.

ಮೊದಲ ಹಂತ: ವಿಂಗಡಣೆ

ಎಲ್ಲ ಕ್ಯಾಸೆಟ್‌ಗಳನ್ನೂ ಒಂದು ಚಾಪೆಯ ಮೇಲೆ ಹರಡಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ ಕೊಡಿ. ಡಬ್ಬಿಯ ಮೇಲೆ ಮಾತ್ರ ಬರೆದರೆ ಸಾಲದು, ಡಬ್ಬಿಗಳು ಅದಲುಬದಲಾಗಿರುವುದೇ ಹೆಚ್ಚು. ಕ್ಯಾಸೆಟ್ಟಿನ ಮೈಮೇಲೆಯೇ ಸಣ್ಣ ಚೀಟಿ ಅಂಟಿಸಿ ಸಂಖ್ಯೆ ಬರೆಯಿರಿ. ಬಳಿಕ ಎ ಸೈಡ್, ಬಿ ಸೈಡ್, ಡಬ್ಬಿಯೊಳಗಿನ ಕಾಗದದ ಎರಡೂ ಬದಿ, ಇವೆಲ್ಲವುಗಳ ಫೋಟೊವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಪೆನ್ಸಿಲಿನಿಂದ ಬರೆದ ಅಕ್ಷರಗಳು ಕೈತಾಗಿ ಅಳಿಸಿಹೋಗುತ್ತವೆ, ಹೀಗಾಗಿ ಫೋಟೊ ತೆಗೆಯುವುದನ್ನು ಮುಂದೂಡಬಾರದು.

ನಮ್ಮ ಭಾಗದಲ್ಲಿ ಒಂದು ವಿಶೇಷವಿದೆ. 1948ರವರೆಗೆ ಈ ಪ್ರದೇಶ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತು, ಶಾಲೆಗಳಲ್ಲಿ ಉರ್ದು ನಡೆಯುತ್ತಿತ್ತು. ಆ ಕಾಲದಲ್ಲಿ ಓದಿದ ಮುತ್ಯಾಗಳು ಕನ್ನಡ ಪದಗಳ ಕ್ಯಾಸೆಟ್ಟಿನ ಮೇಲೂ ಉರ್ದು ಲಿಪಿಯಲ್ಲಿ ಚೀಟಿ ಬರೆದಿರುತ್ತಾರೆ. ಅದು ಓದಲು ಬಾರದ ಗೀಚು ಎಂದು ಬದಿಗಿಡದೆ, ಉರ್ದು ಬಲ್ಲ ಹಿರಿಯರಿಗೆ ತೋರಿಸಿ. ಊರು, ಹಬ್ಬ, ಹಾಡಿದವರ ಹೆಸರು ಆ ಒಂದು ಸಾಲಿನಲ್ಲೇ ಸಿಕ್ಕಬಹುದು.

ಇನ್ನು ವಿಂಗಡಣೆಯ ಮುಖ್ಯ ಸೂಕ್ಷ್ಮಕ್ಕೆ ಬರೋಣ. ಕ್ಯಾಸೆಟ್ಟಿನ ಬೆನ್ನಿನ ಎರಡು ಮೂಲೆಗಳಲ್ಲಿ ಸಣ್ಣ ಪ್ಲಾಸ್ಟಿಕ್ ತುಂಡುಗಳಿರುತ್ತವೆ. ಅವು ಇದ್ದರೆ ಆ ಕ್ಯಾಸೆಟ್ಟಿನ ಮೇಲೆ ಹೊಸದಾಗಿ ದಾಖಲಿಸಬಹುದು, ಮುರಿದಿದ್ದರೆ ಟೇಪ್ ರೆಕಾರ್ಡರಿನ (ಮುಂದೆ ಬರೀ ಟೇಪ್ ಎಂದರೆ ಈ ಯಂತ್ರವೇ) ರೆಕಾರ್ಡ್ ಗುಂಡಿ ಕೆಳಗೆ ಹೋಗುವುದಿಲ್ಲ. ಕಂಪನಿಯ ಕ್ಯಾಸೆಟ್‌ಗಳಲ್ಲಿ ಈ ತುಂಡುಗಳು ಮೊದಲೇ ಇರುವುದಿಲ್ಲ. ಕಂಪನಿಯ ಕ್ಯಾಸೆಟ್ ಒಂದರಲ್ಲಿ ಆ ಗುಣಿಗಳ ಮೇಲೆ ಪ್ಲಾಸ್ಟರನ್ನೋ ಅಂಟುಪಟ್ಟಿಯನ್ನೋ ಹಚ್ಚಿರುವುದು ಕಂಡರೆ, ಅಥವಾ ಒಳಗೆ ಮಡಿಸಿದ ಕಾಗದ ತುರುಕಿರುವುದು ಕಂಡರೆ, ಯಾರೋ ಅದರ ಮೇಲೆ ತಮ್ಮದನ್ನು ತುಂಬಿದ್ದಾರೆ ಎಂದೇ ಅರ್ಥ. ಖಾಲಿ ಕ್ಯಾಸೆಟ್ ಕೊಳ್ಳಲು ದುಡ್ಡಿಲ್ಲದ ಮನೆಗಳಲ್ಲಿ ಇದು ಸಾಮಾನ್ಯವಾಗಿತ್ತು. ನಮ್ಮ ಆಯಿ ಬೀಸುವ ಪದ ಹಾಡಿದ ಹನ್ನೊಂದು ನಿಮಿಷ ನನಗೆ ಸಿಕ್ಕಿದ್ದು ಇಂಥದೇ ಒಂದು ಭಕ್ತಿಗೀತೆಗಳ ಕ್ಯಾಸೆಟ್ಟಿನ ಬಿ ಸೈಡಿನ ನಡುವೆ. ಅದರ ಹಿಂದೆಯೂ ಮುಂದೆಯೂ ಅಚ್ಚಿನ ಹಾಡುಗಳೇ ಇದ್ದವು. ಗುಣಿ ಮುಚ್ಚಿದ ಕ್ಯಾಸೆಟ್‌ಗಳನ್ನು ಕೈಬರಹದ ಕ್ಯಾಸೆಟ್‌ಗಳ ಸಾಲಿಗೇ ಸೇರಿಸಿ, ಮೊದಲಿನಿಂದ ಕೊನೆಯವರೆಗೆ ಕೇಳಬೇಕು.

ವಿಂಗಡಣೆ ಮುಗಿದ ಕೂಡಲೇ ಮನೆಯ ದಾಖಲೆಗಳಲ್ಲಿ ಇನ್ನೂ ಉಳಿದಿರುವ ತುಂಡುಗಳನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮುರಿದುಬಿಡಿ, ಹಚ್ಚಿದ ಪ್ಲಾಸ್ಟರನ್ನು ಕಿತ್ತುಬಿಡಿ. ತಪ್ಪಿ ಒತ್ತಿದ ಒಂದು ಗುಂಡಿಯಿಂದ ಹಳೆಯ ದನಿ ಅಳಿಯುವ ಅಪಾಯ ಅಲ್ಲಿಗೆ ತಪ್ಪುತ್ತದೆ.

ಎರಡನೆಯ ಹಂತ: ರೀಲಿನ ಆರೋಗ್ಯ ನೋಡುವುದು

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಕ್ಯಾಸೆಟ್ಟಿನ ರೀಲು ನಾಲ್ಕು ಮಿಲಿಮೀಟರಿಗಿಂತಲೂ ಕಿರಿದು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುವಂಥದು. ಮೈಮೇಲೆ 60 ಎಂದಿದ್ದರೆ ಒಂದು ಸೈಡಿಗೆ 30 ನಿಮಿಷ, 90 ಎಂದಿದ್ದರೆ 45 ನಿಮಿಷ. ಅವಧಿ ಹೆಚ್ಚಿದಂತೆ ರೀಲು ತೆಳುವಾಗುತ್ತದೆ. 60ರ ರೀಲು ಸುಮಾರು 18 ಮೈಕ್ರಾನ್ ದಪ್ಪವಿದ್ದರೆ 90ರದು ಸುಮಾರು 12, 120ರದು ಸುಮಾರು 9 ಮಾತ್ರ. ಆದುದರಿಂದ 120ರ ಕ್ಯಾಸೆಟ್ ಸಿಕ್ಕರೆ ಅದನ್ನು ವೇಗವಾಗಿ ಹಿಂದೆ ಮುಂದೆ ಓಡಿಸಲೇಬೇಡಿ, ಅದು ಎಳೆಯಲ್ಪಟ್ಟು ಸುಕ್ಕಾಗುತ್ತದೆ ಇಲ್ಲವೇ ರೋಲರಿಗೆ ಸುತ್ತಿಕೊಳ್ಳುತ್ತದೆ.

ಕಿಟಕಿಯ ಬೆಳಕಿನಲ್ಲಿ ಕ್ಯಾಸೆಟ್ಟನ್ನು ಹಿಡಿದು ಒಳಗಿನ ರೀಲಿನ ಅಂಚನ್ನು ನೋಡಿ. ಅಂಚು ನುಣುಪಾಗಿ ಒಂದೇ ಬಣ್ಣದಲ್ಲಿದ್ದರೆ ಸರಿ. ಬಿಳಿಯ ಪುಡಿ ಅಥವಾ ಚುಕ್ಕೆಗಳಿದ್ದರೆ ಅದು ಬೂಸ್ಟು. ಬೂಸ್ಟು ಹಿಡಿದ ಕ್ಯಾಸೆಟ್ಟನ್ನು ಟೇಪಿಗೆ ಹಾಕಬಾರದು, ಅದು ಯಂತ್ರಕ್ಕೂ ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಅದನ್ನು ಉಳಿದವುಗಳಿಂದ ಬೇರೆಯಾಗಿಟ್ಟು ಒಣಗಲು ಬಿಡಿ. ಮುಚ್ಚಿದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಡಬ್ಬಿಗಳಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ಮೂರು ವಾರ ಇಟ್ಟರೆ ತೇವ ಹೋಗುತ್ತದೆ. ಬಿಸಿಲಿನಲ್ಲಿ ಒಣಗಿಸುವುದಂತೂ ಸಲ್ಲದು. ನಮ್ಮ ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿಗೆ ಕ್ಯಾಸೆಟ್ಟಿನ ಮೈಯೇ ಬಾಗುತ್ತದೆ.

ಕ್ಯಾಸೆಟ್ಟಿನ ಬಾಯಿಯ ನಡುವೆ, ತಾಮ್ರ ಬಣ್ಣದ ತೆಳ್ಳನೆಯ ಪಟ್ಟಿಯ ಮೇಲೆ ಸಣ್ಣದೊಂದು ಬಟ್ಟೆಯ ಮೆತ್ತೆ ಇರುತ್ತದೆ. ಟೇಪಿನಲ್ಲಿ ದನಿಯನ್ನು ಓದುವ ಭಾಗವಾದ ಹೆಡ್ಡಿಗೆ ರೀಲನ್ನು ಒತ್ತಿ ಹಿಡಿಯುವುದು ಅದೇ. ಹಳೆಯ ಅಂಟು ಒಣಗಿ ಈ ಮೆತ್ತೆ ಉದುರಿಹೋಗಿರುವುದು ಬಹಳ ಸಾಮಾನ್ಯ. ಉದುರಿದ ಕ್ಯಾಸೆಟ್ಟನ್ನು ಹಾಕಿದರೆ ದನಿ ಮಂಕಾಗಿ, ದೂರದಿಂದ ಬಂದಂತೆ ಕೇಳುತ್ತದೆ. ಅದನ್ನು ರೀಲಿನ ದೋಷವೆಂದು ತಿಳಿದು ಕ್ಯಾಸೆಟ್ಟನ್ನೇ ಬಿಸಾಡಿದವರನ್ನು ನಾನು ಕಂಡಿದ್ದೇನೆ. ಬೇಡವಾದ ಇನ್ನೊಂದು ಕ್ಯಾಸೆಟ್ಟಿನ ಮೆತ್ತೆಯನ್ನು ಪಟ್ಟಿ ಸಮೇತ ತೆಗೆದು ಇಲ್ಲಿ ಕೂಡಿಸಿದರೆ ದನಿ ಮರಳುತ್ತದೆ.

ಮೂರನೆಯ ಹಂತ: ಟೇಪ್ ಹುಡುಕಿ ಸಜ್ಜುಗೊಳಿಸುವುದು

ಯುಎಸ್‌ಬಿ ತಂತಿ ಸಮೇತ ಬರುವ ಹೊಸ ಅಗ್ಗದ ಕ್ಯಾಸೆಟ್ ಪ್ಲೇಯರುಗಳು ಮಾರಾಟಕ್ಕಿವೆ. ಅವನ್ನು ಕೊಳ್ಳಬೇಡಿ ಎಂಬುದು ನನ್ನ ಖಚಿತ ಸಲಹೆ. ಅವುಗಳ ವೇಗ ನಡುಗುತ್ತದೆ, ಹಾರ್ಮೋನಿಯಮ್ಮಿನ ಉದ್ದನೆಯ ಸ್ವರ ಕೇಳಿದರೆ ಆ ನಡುಕ ತಕ್ಷಣ ತಿಳಿಯುತ್ತದೆ. ಅದಕ್ಕಿಂತ ನೆಂಟರ ಮನೆಯಲ್ಲಿ ಮೂಲೆಗೆ ಬಿದ್ದಿರುವ ಒಳ್ಳೆಯ ಟೂ ಇನ್ ಒನ್ (ರೇಡಿಯೊ, ಟೇಪ್ ಎರಡೂ ಇರುವ ಯಂತ್ರ) ಅಥವಾ ಹಳೆಯ ಡೆಕ್ ಎಷ್ಟೋ ಮೇಲು. ಕೊಳ್ಳುವಾಗ ಮೂರು ಸಂಗತಿ ನೋಡಿ. ಲೈನ್ ಔಟ್ (ದನಿ ಹೊರಬರುವ ತೂತು) ಇಲ್ಲವೇ ಹೆಡ್‌ಫೋನ್ ತೂತು ಇದೆಯೇ, ಹೆಡ್ಡಿನ ಮೇಲೆ ಉಗುರಿಗೆ ತಾಗುವಷ್ಟು ಸವೆತದ ಗೀರು ಬಿದ್ದಿದೆಯೇ, ಹತ್ತು ನಿಮಿಷ ಓಡಿಸಿದಾಗ ರೀಲನ್ನು ನುಂಗುತ್ತದೆಯೇ. ಒಳಗಿನ ರಬ್ಬರ್ ಬೆಲ್ಟು ಸಡಿಲವಾಗಿದ್ದರೆ ಗಾಬರಿ ಬೇಡ. ಬೆಲ್ಟಿನ ಬೆಲೆ ಕಡಿಮೆ, ಹಳೆಯ ರೇಡಿಯೊ ರಿಪೇರಿ ಮಾಡುವವರಿಗೆ ಅದನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ.

ಟೇಪನ್ನು ಶುಚಿ ಮಾಡಲು 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿ ಸುತ್ತಿದ ಕಡ್ಡಿ ಸಾಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿರುವ ಗ್ಲಿಸರಿನ್ ಹೆಡ್ಡಿನ ಮೇಲೆ ಅಂಟಾಗಿ ಉಳಿಯುತ್ತದೆ. ಹೆಡ್ಡು, ರೀಲನ್ನು ಎಳೆಯುವ ಉಕ್ಕಿನ ಕಡ್ಡಿ, ಅದಕ್ಕೆ ಒತ್ತಿಕೊಳ್ಳುವ ಕಪ್ಪು ರಬ್ಬರ್ ರೋಲರ್, ಈ ಮೂರನ್ನೂ ಹತ್ತಿಗೆ ಕಂದು ಬಣ್ಣ ಅಂಟದಾಗುವವರೆಗೆ ಒರೆಸಿ. ರಬ್ಬರಿಗೆ ಆಲ್ಕೋಹಾಲ್ ಹೆಚ್ಚು ಹೊತ್ತು ತಾಗಬಾರದು, ಒರೆಸಿದ ಕೂಡಲೇ ಒಣ ಹತ್ತಿಯಿಂದ ಮತ್ತೊಮ್ಮೆ ಒರೆಸಿ. ಪೂರ್ತಿ ಆರಲು ಹತ್ತು ನಿಮಿಷ ಬಿಟ್ಟು ನಂತರವೇ ಕ್ಯಾಸೆಟ್ ಹಾಕಿ. ನಮ್ಮ ಊರಿನ ಧೂಳಿಗೆ ಪ್ರತಿ ನಾಲ್ಕೈದು ಕ್ಯಾಸೆಟ್‌ಗಳಿಗೊಮ್ಮೆ ಇದನ್ನು ಮಾಡಬೇಕಾಗುತ್ತದೆ.

ಇನ್ನೊಂದು ಕೆಲಸವನ್ನು ಬಹುಪಾಲು ಜನ ಬಿಟ್ಟುಬಿಡುತ್ತಾರೆ, ಆದರೆ ದನಿಯ ಸ್ಪಷ್ಟತೆ ನಿಂತಿರುವುದು ಅದರ ಮೇಲೆಯೇ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಸಮೇತವಾದ ಒಂದು ಸಣ್ಣ ಸ್ಕ್ರೂ ಇರುತ್ತದೆ. ಹೆಡ್ಡು ರೀಲಿಗೆ ಎಷ್ಟು ನೇರವಾಗಿ ನಿಂತಿದೆ ಎಂಬುದನ್ನು ಅದು ನಿರ್ಧರಿಸುತ್ತದೆ, ಇದನ್ನು ಅಜಿಮತ್ ಎನ್ನುತ್ತಾರೆ. ಊರಿನ ಯಾವುದೋ ಟೂ ಇನ್ ಒನ್ನಿನ ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೆ, ಅದರಲ್ಲಿ ದಾಖಲಾದ ದನಿಯೂ ಅದೇ ವಾಲಿನಲ್ಲಿ ರೀಲಿನ ಮೇಲೆ ಬರೆಯಲ್ಪಟ್ಟಿರುತ್ತದೆ. ನಿಮ್ಮ ಟೇಪಿನ ಹೆಡ್ಡು ಅದೇ ವಾಲಿಗೆ ಬಾರದಿದ್ದರೆ ತಾಳ, ಗೆಜ್ಜೆ, ಸಕಾರ ಶಕಾರಗಳು ಮಂಕಾಗುತ್ತವೆ. ಆದುದರಿಂದ ಕ್ಯಾಸೆಟ್ ಓಡುತ್ತಿರುವಾಗಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಆ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ಅತ್ತಿತ್ತ ತಿರುಗಿಸಿ, ತಾಳದ ದನಿ ಅತ್ಯಂತ ಚುರುಕಾಗಿ ಕೇಳುವ ಜಾಗದಲ್ಲಿ ನಿಲ್ಲಿಸಿ. ಸ್ಟೀರಿಯೊ ಟೇಪಾದರೆ ಎಡ, ಬಲ ಎರಡೂ ಬದಿಯ ದನಿಯನ್ನು ಕೂಡಿಸಿ ಮೊನೊ ಮಾಡಿ ಕೇಳಿದಾಗ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಸ್ಕ್ರೂಡ್ರೈವರಿನ ತುದಿ ಅಯಸ್ಕಾಂತದ್ದಾಗಿರಬಾರದು. ಪ್ರತಿ ಕ್ಯಾಸೆಟ್ಟಿಗೂ, ಒಮ್ಮೊಮ್ಮೆ ಒಂದೇ ಕ್ಯಾಸೆಟ್ಟಿನ ಎರಡು ಸೈಡಿಗೂ, ಈ ಹೊಂದಾಣಿಕೆ ಬೇರೆಯಾಗಬಹುದು. ಇಪ್ಪತ್ತು ವರ್ಷದಿಂದ ಹಾಳಾಗಿದೆ ಎಂದುಕೊಂಡಿದ್ದ ಒಂದು ಭಜನೆಯ ಕ್ಯಾಸೆಟ್ಟಿನಲ್ಲಿ ಈ ಸ್ಕ್ರೂ ತಿರುಗಿದೊಡನೆ ಪದದ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿದಾಗ ನನಗಾದ ಸಂತೋಷ ಹೇಳತೀರದು.

ನಾಲ್ಕನೆಯ ಹಂತ: ತುಂಡಾದ, ಸಿಕ್ಕಾದ ರೀಲುಗಳ ರಿಪೇರಿ

ಕ್ಯಾಸೆಟ್ಟಿನ ಮೈಗೆ ಐದು ಸ್ಕ್ರೂಗಳಿದ್ದರೆ ಬಿಚ್ಚುವುದು ಸುಲಭ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಫ್ಯಾನ್ ಆರಿಸಿ, ಸ್ಕ್ರೂಗಳನ್ನು ಒಂದು ಬಟ್ಟಲಲ್ಲಿಟ್ಟು, ಮೇಲಿನ ಅರ್ಧವನ್ನು ನೇರವಾಗಿ ಎತ್ತಿ. ರೀಲು ಯಾವ ಯಾವ ಗಾಲಿಯ ಹೊರಗಿನಿಂದ ಹಾದುಹೋಗಿದೆ ಎಂಬುದನ್ನು ಮುಟ್ಟುವ ಮೊದಲೇ ಫೋಟೊ ತೆಗೆಯಿರಿ. ಸ್ಕ್ರೂ ಇಲ್ಲದೆ ಅಂಟಿಸಿ ಮುಚ್ಚಿದ ಕ್ಯಾಸೆಟ್ಟನ್ನು ಬೆಸುಗೆಯ ಗೆರೆಯುದ್ದಕ್ಕೂ ಬ್ಲೇಡಿನಿಂದ ಬಿಡಿಸಬೇಕಾಗುತ್ತದೆ. ಎರಡು ಮೂರು ಬೇಡವಾದ ಕ್ಯಾಸೆಟ್‌ಗಳ ಮೇಲೆ ಅಭ್ಯಾಸ ಮಾಡದೆ ಇದಕ್ಕೆ ಕೈ ಹಾಕಬೇಡಿ. ಬಿಡಿಸಿದ ರೀಲನ್ನು ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ಟಿನ ಮೈಯೊಳಗೆ ಕೂಡಿಸಿ.

ತುಂಡಾದ ರೀಲಿನ ಎರಡೂ ತುದಿಗಳನ್ನು ಒಂದರ ಮೇಲೊಂದಿಟ್ಟು ಓರೆಯಾಗಿ ಕತ್ತರಿಸಿದರೆ ಅವು ಒಂದಕ್ಕೊಂದು ಸರಿಯಾಗಿ ಕೂಡುತ್ತವೆ. ಅವನ್ನು ಮೇಲೇರಿಸದೆ ಅಂಚಿಗೆ ಅಂಚು ತಾಗಿಸಿ, ಹೆಡ್ಡಿಗೆ ತಾಗದ ಒಳಬದಿಗೆ, ರೀಲು ಜೋಡಿಸಲೆಂದೇ ಮಾಡಿದ ಕಿರಿದಾದ ಸ್ಪ್ಲೈಸಿಂಗ್ ಟೇಪ್ ಹಚ್ಚಿ. ಸಾಮಾನ್ಯ ಸೆಲೋಟೇಪಿನ ಅಂಟು ಬೇಸಿಗೆಯಲ್ಲಿ ಕರಗಿ ಪಕ್ಕದ ಸುತ್ತುಗಳಿಗೂ ಹರಡುತ್ತದೆ, ಒಂದು ರಿಪೇರಿಯಿಂದ ಮೂರು ಕಡೆ ಹಾಳಾಗುತ್ತದೆ. ಸುಕ್ಕಾದ ರೀಲನ್ನು ಇಸ್ತ್ರಿ ಮಾಡುವ ಯೋಚನೆ ಬೇಡ. ಅದನ್ನು ಹಾಗೆಯೇ ಸುತ್ತಿ ಓಡಿಸಿ, ಒಂದೆರಡು ಸೆಕೆಂಡು ದನಿ ಏರಿಳಿದರೂ ಮಾತು ಉಳಿದಿರುತ್ತದೆ. ರೀಲು ಹೊರಗೆ ಜೋತುಬಿದ್ದಿದ್ದರೆ, ನಾವೆಲ್ಲ ಶಾಲೆಯ ದಿನಗಳಲ್ಲಿ ಮಾಡಿದಂತೆ ಆರು ಮೂಲೆಯ ಪೆನ್ಸಿಲನ್ನು ಗಾಲಿಯೊಳಗೆ ತೂರಿಸಿ ನಿಧಾನವಾಗಿ ಸುತ್ತಬೇಕು, ತಿರುಚಿಕೊಳ್ಳದಂತೆ ನೋಡಿಕೊಳ್ಳಬೇಕು.

ಬೂಸ್ಟು ಹಿಡಿದು ಈಗ ಒಣಗಿರುವ ರೀಲನ್ನು ಮನೆಯ ಹೊರಗೆ ಕುಳಿತು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಎಳೆ ಬಿಡದ ಮೆತ್ತನೆಯ ಬಟ್ಟೆಯ ನಡುವೆ ಹಾಯಿಸುತ್ತ ಕೈಯಿಂದಲೇ ಒಂದು ಗಾಲಿಯಿಂದ ಇನ್ನೊಂದಕ್ಕೆ ಸುತ್ತಿ. ನಂತರ ಬೇರೆ ಮೈಯೊಳಗೆ ಕೂಡಿಸಿ ಒಂದೇ ಸಲ ಓಡಿಸಿ ದಾಖಲಿಸಿಕೊಳ್ಳಿ, ಮುಗಿದ ಕೂಡಲೇ ಹೆಡ್ಡನ್ನು ಒರೆಸಿ.

ಐದನೆಯ ಹಂತ: ಕಂಪ್ಯೂಟರಿಗೆ ಜೋಡಿಸಿ ದಾಖಲಿಸುವುದು

ಟೇಪಿನ ಲೈನ್ ಔಟ್‌ನಿಂದ, ಅದಿಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ, ತಂತಿಯನ್ನು ಕಂಪ್ಯೂಟರಿಗೆ ತರಬೇಕು. ಇಂದಿನ ಲ್ಯಾಪ್‌ಟಾಪಿನಲ್ಲಿರುವ ಒಂದೇ ತೂತು ಸಾಮಾನ್ಯವಾಗಿ ಹೆಡ್‌ಫೋನ್ ಮತ್ತು ಮೈಕಿಗಾಗಿ ಮಾಡಿದ್ದು. ಅದರ ಮೈಕಿನ ದಾರಿ ಮೊನೊ, ಮೇಲಾಗಿ ಟೇಪಿನ ಜೋರು ದನಿಯನ್ನು ತಡೆದುಕೊಳ್ಳಲಾರದೆ ಒಡಕು ದನಿ ಮಾಡುತ್ತದೆ. ಲೈನ್ ಇನ್ (ದನಿ ಒಳಬರುವ ತೂತು) ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಟೇಪಿನ ದನಿಯನ್ನು ಕಂಪ್ಯೂಟರಿಗೆ ತಲುಪಿಸುವ ಸಣ್ಣ ಸಾಧನ) ಒಂದನ್ನು ಕೊಳ್ಳುವುದು ಒಳ್ಳೆಯದು. ಈ ಇಡೀ ಕೆಲಸದಲ್ಲಿ ಹಣ ಖರ್ಚು ಮಾಡಲು ಹಿಂಜರಿಯಬಾರದ ವಸ್ತು ಇದು. ದಾಖಲಿಸುವಾಗ ಲ್ಯಾಪ್‌ಟಾಪನ್ನು ಚಾರ್ಜರಿನಿಂದ ಬಿಡಿಸಿ ಬ್ಯಾಟರಿಯ ಮೇಲೆ ನಡೆಸಿ. ಗುಂಯ್ ಎನ್ನುವ ಕರೆಂಟಿನ ಸದ್ದು ಬಹುಮಟ್ಟಿಗೆ ಅದರಿಂದಲೇ ಹೋಗುತ್ತದೆ, ನಡುವೆ ಕರೆಂಟು ಹೋದರೂ ಅಲ್ಲಿಯವರೆಗಿನ ದಾಖಲೆ ಉಳಿಯುತ್ತದೆ. ನಾನು ಬೆಳಗಿನ ಐದರಿಂದ ಏಳರವರೆಗೆ ಈ ಕೆಲಸ ಮಾಡುತ್ತೇನೆ, ಆಗ ತಂಪಾಗಿರುತ್ತದೆ, ವೋಲ್ಟೇಜೂ ಅಷ್ಟಾಗಿ ಏರಿಳಿಯುವುದಿಲ್ಲ.

ತಂತ್ರಾಂಶಕ್ಕೆ ಆಡಾಸಿಟಿ ಸಾಕು, ಅದು ಉಚಿತ. ಸ್ಯಾಂಪಲ್ ದರವನ್ನು (ಸೆಕೆಂಡಿಗೆ ಎಷ್ಟು ಬಾರಿ ದನಿಯನ್ನು ಅಳೆಯಬೇಕೆಂಬ ಲೆಕ್ಕ) 48000 ಎಂದೂ, ಉಳಿಸುವಾಗ 24 ಬಿಟ್ ವೇವ್ ಫೈಲ್ ಎಂದೂ ಇಟ್ಟುಕೊಳ್ಳಿ. ಈ ಲೆಕ್ಕದಲ್ಲಿ ಒಂದು ಗಂಟೆಯ ಸ್ಟೀರಿಯೊ ದಾಖಲೆ ಸುಮಾರು 1 ಜಿಬಿ ಆಗುತ್ತದೆ, ಮೊನೊ ಆದರೆ ಅದರ ಅರ್ಧ. ವೇವ್ ಬದಲು ಫ್ಲ್ಯಾಕ್ ರೂಪದಲ್ಲಿ ಉಳಿಸಿದರೆ ಗುಣಮಟ್ಟ ಒಂದಿಷ್ಟೂ ಕೆಡದೆ ಜಾಗ ಇನ್ನೂ ಕಡಿಮೆಯಾಗುತ್ತದೆ. ಮೂಲ ದಾಖಲೆಯನ್ನೇ ಎಂಪಿ3 ಮಾಡುವುದು ಮಾತ್ರ ತಪ್ಪು, ಅದರಲ್ಲಿ ಕಳೆದುಹೋದದ್ದು ಮರಳಿ ಬರುವುದಿಲ್ಲ.

ದಾಖಲಿಸುವ ಮೊದಲು ಕ್ಯಾಸೆಟ್ಟಿನಲ್ಲಿ ಅತಿ ಜೋರಾದ ಭಾಗವನ್ನು ಹುಡುಕಿ. ರಿವಾಯತ್ ಪದವಾದರೆ ಹಲಗೆ ಬಾರಿಸುವ ಜಾಗ, ಭಜನೆಯಾದರೆ ಎಲ್ಲರೂ ಸೇರಿ ದನಿಗೂಡಿಸುವ ಪಲ್ಲವಿ. ಅಲ್ಲಿ ಆಡಾಸಿಟಿಯ ಮೀಟರಿನ ಪಟ್ಟಿ ಮೈನಸ್ 6 ಡೆಸಿಬೆಲ್ ದಾಟದಂತೆ ಮಟ್ಟ ಹೊಂದಿಸಿ. ಸೊನ್ನೆಗೆ ತಾಗಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಸರಿಪಡಿಸುವ ದಾರಿ ಇಲ್ಲವೆಂದೇ ಹೇಳಬೇಕು. ಕಂಪ್ಯೂಟರಿನ ಸೂಚನೆಗಳ ಸದ್ದು ಮತ್ತು ದನಿಯನ್ನು ತಾನಾಗಿ ಹೆಚ್ಚಿಸುವ ಸೌಲಭ್ಯಗಳನ್ನು ಆರಿಸಿಬಿಡಿ. ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿದರೆ ವರ್ಷಗಟ್ಟಲೆ ಅಂಟಿಕೊಂಡ ಸುತ್ತುಗಳು ಬಿಡಿಸಿಕೊಳ್ಳುತ್ತವೆ (120ರ ಕ್ಯಾಸೆಟ್ಟಿಗೆ ಇದು ಬೇಡ). ನಂತರ ಆಡಾಸಿಟಿಯಲ್ಲಿ ರೆಕಾರ್ಡ್ ಒತ್ತಿ, ಆಮೇಲೆ ಟೇಪನ್ನು ಓಡಿಸಿ, ಸೈಡು ತಾನಾಗಿ ಮುಗಿದು ಗುಂಡಿ ಮೇಲೆ ಬರುವವರೆಗೂ ನಿಲ್ಲಿಸಬೇಡಿ. ಐದು ನಿಮಿಷ ಮೌನವಿದ್ದರೂ ನಿಲ್ಲಿಸಬೇಡಿ. ಮೌನದ ಆಚೆಗೆ ಯಾರೋ ಕೆಮ್ಮಿ, "ಚಾಲೂ ಆಗ್ಯಾದೇನೋ?" ಎಂದು ಕೇಳಿ ಮತ್ತೆ ಹಾಡು ಹಿಡಿಯುವುದು ನಮ್ಮ ಮನೆಯ ಕ್ಯಾಸೆಟ್‌ಗಳಲ್ಲಿ ನಾಲ್ಕು ಕಡೆ ಇದೆ.

ಆರನೆಯ ಹಂತ: ವೇಗ ಸರಿಯಿದೆಯೇ ಎಂದು ನೋಡುವುದು

ಹಳ್ಳಿಯ ದಾಖಲೆಗಳಲ್ಲಿ ವೇಗದ ದೋಷ ತೀರ ಸಾಮಾನ್ಯ. ಸೆಲ್ ಹಾಕಿ ದಾಖಲಿಸುವಾಗ ಸೆಲ್ ಇಳಿಯುತ್ತ ಬಂದಂತೆ ಟೇಪ್ ನಿಧಾನವಾಗಿ ತಿರುಗುತ್ತದೆ. ಅಂಥ ದಾಖಲೆಯನ್ನು ಇಂದು ಸರಿಯಾದ ವೇಗದಲ್ಲಿ ಕೇಳಿದರೆ ಹಾಡುಗಾರರ ದನಿ ಕೊನೆಕೊನೆಗೆ ತೆಳುವಾಗಿ, ಅವಸರದಲ್ಲಿ ಹಾಡಿದಂತೆ ಕೇಳುತ್ತದೆ. ಅದು ಅವರ ಹಾಡಿಕೆಯ ಗುಣವಲ್ಲ.

ನಿಮ್ಮ ಟೇಪಿನ ವೇಗವನ್ನು ಮೊದಲು ಪರೀಕ್ಷಿಸಿ. ಕಂಪನಿಯ ಕ್ಯಾಸೆಟ್ಟಿನ ಒಂದು ಹಾಡಿನ ಅವಧಿಯನ್ನು, ಅದೇ ಹಾಡಿನ ಅಧಿಕೃತ ಡಿಜಿಟಲ್ ರೂಪದ ಅವಧಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ಸಿಗುತ್ತದೆ. ಮನೆಯ ದಾಖಲೆಯ ವೇಗ ತಿಳಿಯಲು ಎರಡು ದಾರಿಗಳಿವೆ. ಕರೆಂಟಿನ ಮೇಲೆ ದಾಖಲಿಸಿದ ಕ್ಯಾಸೆಟ್ಟಿನಲ್ಲಿ 50 ಹರ್ಟ್ಸ್‌ನ ಗುಂಯ್ ಸದ್ದು ಸೇರಿರುತ್ತದೆ. ಟೇಪನ್ನು ನಿಲ್ಲಿಸಿದಾಗ ಆ ಸದ್ದೂ ನಿಂತರೆ ಅದು ರೀಲಿನ ಮೇಲಿನದೇ ಎಂದು ಖಚಿತ. ಆಡಾಸಿಟಿಯಲ್ಲಿ ಆವರ್ತನಗಳನ್ನು ತೋರಿಸುವ ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ಅದು 53ರ ಹತ್ತಿರ ಕಂಡರೆ ದಾಖಲೆ ಸುಮಾರು 6 ಪ್ರತಿಶತ ವೇಗವಾಗಿ ಓಡುತ್ತಿದೆ. ಆದರೆ ಆ ಕಾಲದ ಕರೆಂಟಿನ ಆವರ್ತನವೇ 50ರ ಆಚೀಚೆ ಓಡಾಡುತ್ತಿತ್ತು, ಆದ್ದರಿಂದ ಒಂದೆರಡು ಪ್ರತಿಶತದ ವ್ಯತ್ಯಾಸವನ್ನು ತಿದ್ದಲು ಹೋಗಬೇಡಿ. ಎರಡನೆಯ ದಾರಿ ಹಾರ್ಮೋನಿಯಮ್ಮಿನದು, ನನಗೆ ಹೆಚ್ಚು ನಂಬಿಕೆ ಇರುವುದು ಅದರ ಮೇಲೆ. ಭಜನೆಯಲ್ಲಿ ನುಡಿಸಿದ ಪೆಟ್ಟಿಗೆ ಊರ ಮಠದಲ್ಲೋ ಗುಡಿಯಲ್ಲೋ ಇನ್ನೂ ಇದ್ದರೆ, ಅದೇ ಕೀಲಿಯ ಸ್ವರವನ್ನು ಮೊಬೈಲಿನ ಟ್ಯೂನರಿನಲ್ಲಿ ಅಳೆದು ದಾಖಲೆಯ ಸ್ವರದೊಂದಿಗೆ ಹೋಲಿಸಿ. ಹಾರ್ಮೋನಿಯಮ್ಮಿನ ರೀಡುಗಳ ಶ್ರುತಿ ವರ್ಷಗಳಲ್ಲಿ ಬಹಳ ಕಡಿಮೆ ಬದಲಾಗುತ್ತದೆ.

ತಿದ್ದುವಾಗ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆಯನ್ನೇ ಬಳಸಬೇಕು. ಕ್ರಮೇಣ ಏರುತ್ತ ಹೋದ ದನಿಗೆ ಸ್ಲೈಡಿಂಗ್ ಸ್ಟ್ರೆಚ್ ಎಂಬ ಆಯ್ಕೆ ಇದೆ. ಈ ಎಲ್ಲ ತಿದ್ದುಪಡಿಗಳೂ ನಕಲಿನ ಮೇಲೆ ಮಾತ್ರ ಆಗಬೇಕು.

ಏಳನೆಯ ಹಂತ: ಸದ್ದು ತಗ್ಗಿಸುವುದು, ಅದೂ ಸ್ವಲ್ಪವೇ

ಹಾಡಿಲ್ಲದೆ ಕೇವಲ ಸರ್ರೆನ್ನುವ ಸದ್ದಿರುವ ಎರಡು ಸೆಕೆಂಡಿನ ತುಣುಕನ್ನು ಆರಿಸಿ, ನಾಯ್ಸ್ ರಿಡಕ್ಷನ್‌ಗೆ ಅದನ್ನು ಮಾದರಿಯಾಗಿ ಕೊಟ್ಟು, 6 ಡೆಸಿಬೆಲ್‌ನಷ್ಟು ತಗ್ಗಿಸಿ ಕೇಳಿ. 12ಕ್ಕಿಂತ ಮೇಲೆ ಹೋಗಬೇಡಿ. ಹಿನ್ನೆಲೆಯಲ್ಲಿ ಕೇಳುವ ಬೀಸುಕಲ್ಲಿನ ಗರಗರ, ಮಕ್ಕಳ ಅಳು, ಹೊರಗೆ ಬೊಗಳುವ ನಾಯಿ, ಇವುಗಳನ್ನು ತೆಗೆಯುವುದು ಬೇಡ. ಬೀಸುವ ಪದಕ್ಕೆ ಬೀಸುಕಲ್ಲೇ ತಾಳ. ಹಲಗೆಯ ಪೆಟ್ಟು ಬಿದ್ದ ಮೇಲೆ ಹಾಡುಗಾರರ ದನಿ ಕ್ಷಣಕಾಲ ಕುಗ್ಗಿ ಮತ್ತೆ ಮೇಲೇರುವುದು ಕೇಳಿದರೆ, ಅದು ಆ ಕಾಲದ ಟೂ ಇನ್ ಒನ್‌ಗಳು ದನಿಯ ಮಟ್ಟವನ್ನು ತಾವೇ ಹೊಂದಿಸಿಕೊಳ್ಳುತ್ತಿದ್ದುದರ ಪರಿಣಾಮ. ಅದನ್ನೂ ಹಾಗೆಯೇ ಬಿಡಿ.

ಎಂಟನೆಯ ಹಂತ: ದನಿ ಯಾರದು ಎಂದು ಬರೆದಿಡುವುದು

ಈ ಹಂತಕ್ಕೆ ಯಂತ್ರದ ನೆರವಿಲ್ಲ, ಕಾಯುವಷ್ಟು ಕಾಲವೂ ಇಲ್ಲ. ದಾಖಲೆಯನ್ನು ಮೊಬೈಲಿಗೆ ಹಾಕಿಕೊಂಡು ಊರ ಹಿರಿಯರ ಕಟ್ಟೆಗೆ ಹೋಗಿ ಕೂಡಿ. ಒಂದು ಪದ ಕೇಳಿಸಿ, "ಇದು ಯಾರ ದನಿ ಅದ ಮುತ್ಯಾ?" ಎಂದು ಕೇಳಿ, ಅವರು ಹೇಳುವುದನ್ನೂ ಇನ್ನೊಂದು ಮೊಬೈಲಿನಲ್ಲಿ ದಾಖಲಿಸಿಕೊಳ್ಳಿ. ಯಾವ ಇಸವಿ ಎಂದು ನೇರವಾಗಿ ಕೇಳಿದರೆ ಉತ್ತರ ಸಿಗುವುದು ಅಪರೂಪ. 1984ರಲ್ಲಿ ಇಂದಿರಾ ಗಾಂಧಿಯವರು ತೀರಿಕೊಂಡದ್ದಕ್ಕೆ ಮುಂಚೆಯೋ ನಂತರವೋ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಈ ಹಾಡುಗಾರ ಇದ್ದರೋ, ಮನೆಗೆ ಟೇಪ್ ತಂದದ್ದು ಯಾರ ಮದುವೆಯಲ್ಲಿ ಎಂದು ಕೇಳಿದರೆ ವರ್ಷ ತಾನಾಗಿ ಹತ್ತಿರಕ್ಕೆ ಬರುತ್ತದೆ. ಕ್ಯಾಸೆಟ್ಟಿನಲ್ಲಿ ರೇಡಿಯೊದಿಂದ ತುಂಬಿಕೊಂಡ ಭಾಗಗಳಿದ್ದರೆ, ಅದರಲ್ಲೂ 1966ರಿಂದ ನಡೆದುಬಂದಿರುವ ನಮ್ಮ ಕಲಬುರಗಿ ಆಕಾಶವಾಣಿಯ ಕಾರ್ಯಕ್ರಮವಿದ್ದರೆ, ಉದ್ಘೋಷಕರ ಒಂದು ವಾಕ್ಯ ದಿನಾಂಕವನ್ನೇ ಹೇಳಬಹುದು.

ಫೈಲಿನ ಹೆಸರಿನಲ್ಲಿ ಕ್ಯಾಸೆಟ್ಟಿನ ಸಂಖ್ಯೆ, ಸೈಡು, ಅಂದಾಜು ವರ್ಷ, ಊರು, ಸಂದರ್ಭ ಇಷ್ಟು ಸಾಕು. ಉಳಿದ ವಿವರಗಳನ್ನು ಅದೇ ಹೆಸರಿನ ಬೇರೊಂದು ಬರಹದ ಫೈಲಿನಲ್ಲಿ ನಿಮಿಷ ಸಮೇತ ಬರೆದಿಡಿ. ಖಚಿತವಾಗಿ ತಿಳಿದದ್ದನ್ನೂ ಯಾರೋ ಊಹಿಸಿ ಹೇಳಿದ್ದನ್ನೂ ಬೇರೆ ಬೇರೆಯಾಗಿ ಬರೆಯಿರಿ, ಹೇಳಿದವರ ಹೆಸರನ್ನೂ ಸೇರಿಸಿ.

ಒಂಬತ್ತನೆಯ ಹಂತ: ಹಕ್ಕು, ಹಂಚಿಕೆ, ಕಾಪಿಡುವುದು

ಕಂಪನಿಯ ಕ್ಯಾಸೆಟ್ಟನ್ನು ನಿಮ್ಮ ಸ್ವಂತ ಬಳಕೆಗೆ ಇಳಿಸಿಕೊಂಡಿದ್ದನ್ನು ಅಂತರ್ಜಾಲಕ್ಕೆ ಏರಿಸಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಊರವರ ಹಾಡುಗಳ ವಿಷಯದಲ್ಲೂ ಹಾಡಿದವರಿಗೆ ಕಲಾವಿದರ ಹಕ್ಕಿದೆ, ಅದರ ಅವಧಿ 50 ವರ್ಷ. ಕಾಯ್ದೆಯನ್ನು ಬದಿಗಿಟ್ಟರೂ, ಹಾಡಿದವರನ್ನು ಅಥವಾ ಅವರ ಮಕ್ಕಳನ್ನು ಕೇಳದೆ ಅವರ ದನಿಯನ್ನು ಊರಿಗೆಲ್ಲ ಹಂಚುವುದು ಸರಿಯಲ್ಲ ಎಂದು ನಾನು ನಂಬಿದ್ದೇನೆ. ಹೆಣ್ಣುಮಕ್ಕಳು ಅಡುಗೆಮನೆಯಲ್ಲಿ ತಮ್ಮಷ್ಟಕ್ಕೆ ಹಾಡಿಕೊಂಡ ಪದಗಳಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಮೂಲ ದಾಖಲೆಗಳ ಮೂರು ಪ್ರತಿಗಳಿರಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೆಂಗಳೂರು, ಪುಣೆ, ಹೈದರಾಬಾದಿನಂಥ ಬೇರೆ ಊರಿನಲ್ಲಿರುವ ಮನೆಮಂದಿಯ ಬಳಿ. ಪೆನ್ ಡ್ರೈವನ್ನು ಹಂಚಲು ಮಾತ್ರ ಬಳಸಿ, ಕಾಪಿಡಲು ಅಲ್ಲ. ಕ್ಯಾಸೆಟ್‌ಗಳನ್ನು ಎಸೆಯಬೇಡಿ, ಮುಂದೆ ಇನ್ನೂ ಒಳ್ಳೆಯ ಯಂತ್ರ ಸಿಕ್ಕರೆ ಮತ್ತೆ ಇಳಿಸಿಕೊಳ್ಳಬಹುದು. ಅವನ್ನು ಪೂರ್ತಿ ಒಂದೇ ಬದಿಗೆ ಸುತ್ತಿ, ಡಬ್ಬಿಯೊಳಗೆ ಹಾಕಿ, ಪುಸ್ತಕದಂತೆ ನಿಲ್ಲಿಸಿ ಇಡಿ. ಬಿಸಿಲಿಗೆ ಕಾಯುವ ಮಾಳಿಗೆಯ ಕೋಣೆ, ಸ್ಪೀಕರಿನ ಪಕ್ಕ, ಫ್ರಿಜ್ಜಿನ ತಲೆ, ಇವು ಬೇಡ. ಕೆಳಗಿನ ಒಳಕೋಣೆಯ ತಂಪಾದ ಅಲಮಾರಿ ಒಳ್ಳೆಯದು.

ಹಾಡಿದವರ ಮನೆಗೆ ಒಂದು ಪ್ರತಿಯನ್ನು ತಲುಪಿಸುವಾಗ ದೊಡ್ಡ ವೇವ್ ಫೈಲುಗಳನ್ನು ಕೊಡುವುದರಿಂದ ಅವರಿಗೆ ಪ್ರಯೋಜನವಿಲ್ಲ. ಹಿರಿಯರ ಕೈಯಲ್ಲಿರುವುದು ಬಟನ್ ಮೊಬೈಲು, ಇಲ್ಲವೇ ಮೆಮೊರಿ ಕಾರ್ಡ್ ಹಾಕುವ ಸಣ್ಣ ಸ್ಪೀಕರು. ಅವರಿಗಾಗಿ 192 ಕೆಬಿಪಿಎಸ್‌ನ ಎಂಪಿ3 ಪ್ರತಿ ಮಾಡಿ. ಒಂದು ಗಂಟೆಗೆ 90 ಎಂಬಿಗಿಂತಲೂ ಕಡಿಮೆ ಜಾಗ ಸಾಕು. ಇಡೀ ಸೈಡನ್ನು ಒಂದೇ ಫೈಲಾಗಿ ಕೊಡದೆ ಪದ ಪದವಾಗಿ ಬಿಡಿಸಿ, 01, 02 ಎಂದು ಸಂಖ್ಯೆಯಿಂದ ಆರಂಭವಾಗುವ ಹೆಸರಿಡಿ, ಏಕೆಂದರೆ ಈ ಉಪಕರಣಗಳಲ್ಲಿ ಹಲವು ಕನ್ನಡ ಅಕ್ಷರಗಳನ್ನು ತೋರಿಸುವುದಿಲ್ಲ. ಕಾರ್ಡನ್ನು ಫ್ಯಾಟ್32 ರೂಪದಲ್ಲಿ ಫಾರ್ಮ್ಯಾಟ್ ಮಾಡಿ. ಯಾವ ಸಂಖ್ಯೆಗೆ ಯಾವ ಪದ ಎಂದು ದೊಡ್ಡ ಅಕ್ಷರಗಳಲ್ಲಿ ಕಾಗದದ ಮೇಲೆ ಬರೆದು ಜೊತೆಗೆ ಕೊಡಿ. ಕೊಟ್ಟು ತಕ್ಷಣ ಎದ್ದು ಬರಬೇಡಿ. ಅವರದೇ ಸ್ಪೀಕರಿನಲ್ಲಿ ಕಾರ್ಡ್ ಹಾಕಿಸಿ, ಮೊದಲ ಪದ ಹಿಡಿದು ಕೊನೆಯ ಪದದವರೆಗೆ ಒಂದೊಂದೂ ಶುರುವಾಗುತ್ತದೆಯೇ ಎಂದು ನೋಡಿ, ಮುಂದಿನ ಪದಕ್ಕೆ ಹೋಗುವ ಗುಂಡಿ ಯಾವುದೆಂದು ಅವರ ಕೈಯಿಂದಲೇ ಒತ್ತಿಸಿ ತೋರಿಸಿ.